24 ಬಣ್ಣದ ಸೆಟ್ ಬೇಡ, ನಾಲ್ಕು ಟ್ಯೂಬ್ ಸಾಕು

ಜಲವರ್ಣಕ್ಕೆ 24 ಬಣ್ಣದ ಅಗ್ಗದ ಸೆಟ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಅದೇ ದುಡ್ಡು ಕೂಡಿಸಿಟ್ಟು ಆರ್ಟಿಸ್ಟ್ ಗ್ರೇಡ್‌ನ, ಅಂದರೆ ವೃತ್ತಿಪರ ಕಲಾವಿದರ ಗುಣಮಟ್ಟದ, ನಾಲ್ಕು ಟ್ಯೂಬ್ ತಗೊಳ್ಳಿ. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಪಿಗ್ಮೆಂಟ್ (ಬಣ್ಣ ಕೊಡುವ ಪುಡಿ) ಸಂಖ್ಯೆ ಇರುತ್ತದೆ, ಅದನ್ನು ಓದಿ. ನೀಲಿಗೆ ಪಿಬಿ 29 (PB29), ಗುಲಾಬಿಗೆ ಪಿವಿ 19 (PV19), ಹಳದಿಗೆ ಪಿವೈ 154 (PY154), ಜೊತೆಗೊಂದು ಬರ್ಂಟ್ ಸಿಯೆನಾ ಅನ್ನೋ ಕೆಂಗಂದು. ಒಂದೊಂದು ಟ್ಯೂಬಿನಲ್ಲೂ ಒಂದೇ ಪಿಗ್ಮೆಂಟ್ ಇದ್ದರೆ, ಆ ಬಣ್ಣಗಳನ್ನು ಬೆರೆಸಿದಾಗ ರಾಡಿಯಾಗೋದು ಕಡಿಮೆ.

ಪಿಆರ್ 83 (PR83) ಅಂತಿದ್ದರೆ ಮಾತ್ರ ಬಿಟ್ಟುಬಿಡಿ. ಅದು ಹಳೇ ಅಲಿಜರಿನ್ ಕ್ರಿಮ್ಸನ್ ಅನ್ನೋ ಕಡುಗೆಂಪು, ಬೆಳಕಿಗೆ ಮಾಸುತ್ತದೆ. ಅದರಲ್ಲಿ ನಾನು ಬರೆದ ದಾಸವಾಳ ಹಾಲ್ ಗೋಡೆ ಮೇಲೆ ಎರಡೇ ವರ್ಷಕ್ಕೆ ಬಿಳಚಿಕೊಂಡಿತು, ಎಲೆ ಮಾತ್ರ ಹಸಿರಾಗೇ ಉಳಿಯಿತು. ತುಂಬಾ ಬೇಜಾರಾಯಿತು. ಅನುಮಾನವಿದ್ದರೆ ಕಾಗದದ ಪಟ್ಟಿಗೆ ಬಣ್ಣ ಬಳಿದು, ಅರ್ಧ ಮುಚ್ಚಿ, ಬಿಸಿಲು ಬೀಳೋ ಕಿಟಕಿಗೆ ಅಂಟಿಸಿ ಮೂರು ತಿಂಗಳು ಬಿಟ್ಟು, ಎರಡೂ ಅರ್ಧ ಹೋಲಿಸಿ ನೋಡಿ.