ಮರಿ ಬಿಡುವ ಮೊದಲು ಅದು ಯಾವ ಮೀನೆಂದು ಕೇಳಿ

ಮುತ್ತತ್ತಿಯ ಬಳಿ ಕಾವೇರಿಗೆ ಮಹಶೀರ್ ಮರಿಗಳನ್ನು ತಂದು ಬಿಟ್ಟರೆ ಈ ದೊಡ್ಡ ಮೀನಿನ ಸಂತತಿ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ನಿಮ್ಮ ಕಾಳಜಿ ದೊಡ್ಡದು. ಆದರೆ ದಯವಿಟ್ಟು ಈಗಲೇ ಬಿಡಬೇಡಿ.

ಕಾವೇರಿ ಕೊಳ್ಳದ ನಿಜವಾದ ದೈತ್ಯ ಗೂನುಬೆನ್ನಿನ, ಕಿತ್ತಳೆ ಈಜುರೆಕ್ಕೆಯ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು! ಅಷ್ಟು ಹೆಸರಾಂತ ಮೀನು ಟಾರ್ ರೆಮಾದೇವಿ ಎಂಬ ಪ್ರಭೇದವೆಂದು ವಿಜ್ಞಾನಿಗಳು ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಗೂ ಸೇರಿತು.

ತೊಂದರೆ ಇರುವುದು ಮರಿಗಳಲ್ಲೇ. ಮೀನುಮರಿ ಕೇಂದ್ರಗಳಲ್ಲಿ ಬೆಳೆಸಿದ ನೀಲಿ ಈಜುರೆಕ್ಕೆಯ ಮಹಶೀರ್ ಅನ್ನು ಸಂರಕ್ಷಣೆಯ ಹೆಸರಿನಲ್ಲೇ ದಶಕಗಳ ಹಿಂದೆ ಕಾವೇರಿಗೆ ಬಿಡಲಾಯಿತು. ಅದು ಹೆಚ್ಚಿದಂತೆ ಗೂನುಬೆನ್ನಿನದು ಕಾಣುವುದೇ ಅಪರೂಪವಾಯಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆಗಳ ಪೆಟ್ಟಂತೂ ಇದ್ದೇ ಇದೆ.

ಸಿಡಿಮದ್ದಿನಿಂದ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಒಂದು ಸ್ಫೋಟಕ್ಕೆ ಮಡುವಿನ ತಾಯಿಮೀನು, ಮರಿ ಎಲ್ಲವೂ ಸಾಯುತ್ತವೆ. ನನಗೆ ಇದಕ್ಕಿಂತ ಸಂಕಟದ ವಿಷಯ ಬೇರೊಂದಿಲ್ಲ. ನಿಮ್ಮ ತಂಡ ಮಡುಗಳ ಮೇಲೆ ಕಣ್ಣಿಟ್ಟು, ಸದ್ದು ಕೇಳಿದ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಲಿ. ಗೂನುಬೆನ್ನಿನ ಮೀನು ಕಂಡರೆ ಫೋಟೊ ತೆಗೆದು, ಸ್ಥಳ ಬರೆದಿಟ್ಟು, ಮೀನು ಸಂಶೋಧಕರಿಗೆ ತಲುಪಿಸಿ.