ಸ್ಲ್ಯಾಗ್ ರಾಶಿ ಮಾರುವ ಮುಂಚೆ ಒಂದು ಆಯಸ್ಕಾಂತ ತನ್ನಿ

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಇಂಡಕ್ಷನ್ ಫರ್ನೇಸ್‌ನಲ್ಲಿ ಗುಜರಿ ಕಬ್ಬಿಣ ಕರಗಿಸಿ ಎರಕ ಹೊಯ್ಯುತ್ತೇವೆ. ಹಿಂದುಗಡೆ ಸ್ಲ್ಯಾಗ್ ರಾಶಿ ಬೆಳೆದಿದೆ. ಲೋಡ್ ಲೆಕ್ಕದಲ್ಲಿ ಕೊಡಿ ಎಂದು ಒಬ್ಬರು ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ದುಡ್ಡು ಕೊಟ್ಟು ಕೇಳುತ್ತಿದ್ದಾರೆ ಅಂದಮೇಲೆ ಅದರಲ್ಲಿ ಏನೋ ಇದೆ ಅಂತಲೇ ಅರ್ಥ, ಅಲ್ವಾ? ಎಷ್ಟಿದೆ ಅಂತ ಮೊದಲು ನೀವು ತಿಳಿದುಕೊಳ್ಳಿ.

ಸ್ಲ್ಯಾಗ್‌ನಲ್ಲಿ, ಅಂದರೆ ಕರಗಿದ ಲೋಹದ ಮೇಲೆ ತೇಲುವ ಕಿಟ್ಟದಲ್ಲಿ, ಎರಡು ಥರದ ಕಬ್ಬಿಣ ಇರುತ್ತದೆ. ಕಿಟ್ಟ ತೆಗೆಯುವಾಗ ಜೊತೆಗೇ ಬಂದು ಸಿಕ್ಕಿಕೊಂಡ ಲೋಹದ ಗುಂಡುಗಳು ಒಂದು. ಸುತ್ತಿಗೆಯಲ್ಲಿ ಹೊಡೆದರೆ ಸುತ್ತಲಿನ ಕಪ್ಪು ಕಿಟ್ಟ ಗಾಜಿನ ಹಾಗೆ ಪುಡಿಯಾಗುತ್ತದೆ, ಗುಂಡು ಉಳಿಯುತ್ತದೆ. ಅರದಲ್ಲಿ ಉಜ್ಜಿ ನೋಡಿ, ಬೆಳ್ಳಗೆ ಹೊಳೆಯುತ್ತದೆ. ಇನ್ನೊಂದು, ಗುಜರಿಯ ತುಕ್ಕಿನಿಂದ ಬಂದದ್ದು. ಅದು ಮರಳು ಮತ್ತು ಫರ್ನೇಸ್ ಒಳಗೋಡೆಯ ಲೈನಿಂಗಿನ ಸಿಲಿಕಾ ಜೊತೆ ಬೆರೆತು ಕಲ್ಲಾಗಿಬಿಟ್ಟಿರುತ್ತದೆ. ಅದನ್ನು ಬಿಡಿಸಬೇಕಾದರೆ ಕಲ್ಲಿದ್ದಲು ಹಾಕಿ ಮತ್ತೆ ಕಾಯಿಸಬೇಕು. ಸಣ್ಣ ಫೌಂಡ್ರಿಗೆ ಅದು ಗಿಟ್ಟುವುದಿಲ್ಲ. ಲ್ಯಾಬ್ ರಿಪೋರ್ಟಿನಲ್ಲಿ 'ಒಟ್ಟು ಕಬ್ಬಿಣ' ಅಂತ ಕಂಡರೆ ಹಿಗ್ಗಬೇಡಿ, ಅದರಲ್ಲಿ ಎರಡೂ ಸೇರಿರುತ್ತವೆ.

ರಾಶಿಯ ಮೇಲಿಂದ, ಬುಡದಿಂದ, ನಡುವಿನಿಂದ ತೆಗೆದು ಹತ್ತು ಕಿಲೋ ತೂಗಿ. ರಾಗಿ ಕಾಳಿನಷ್ಟು ಸಣ್ಣಗೆ ಕುಟ್ಟಿಸಿ. ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಆಡಿಸಿ. ಕವರ್ ಸುತ್ತದಿದ್ದರೆ ಅಂಟಿದ ಪುಡಿ ಬಿಡಿಸುವಷ್ಟರಲ್ಲಿ ಸಾಕಾಗಿಹೋಗುತ್ತದೆ! ಅಂಟಿದ್ದನ್ನು ತೂಗಿ. ಮಾತುಕತೆಗೆ ಆ ತೂಕ ಸಾಕು. ದೊಡ್ಡ ಉಕ್ಕಿನ ಕಾರ್ಖಾನೆಗಳೂ ಮಾಡುವುದು ಇದನ್ನೇ, ಅಲ್ಲಿ ಕೈ ಬದಲು ಕ್ರಷರ್ ಮತ್ತು ಆಯಸ್ಕಾಂತದ ಡ್ರಮ್ ಇರುತ್ತದೆ. ಆರಿಸಿದ ಗುಂಡುಗಳನ್ನು ನೀವೇ ಫರ್ನೇಸ್‌ಗೆ ವಾಪಸ್ ಹಾಕಿಕೊಂಡರೆ ಅಷ್ಟು ಗುಜರಿ ಖರೀದಿ ಉಳಿಯಿತು. ನನ್ನನ್ನು ಕೇಳಿದರೆ ಮಾರುವುದಕ್ಕಿಂತ ಇದೇ ಮೇಲು.

ಜಿಐ ಶೀಟು, ಅಂದರೆ ಸತು ಲೇಪಿಸಿದ ತಗಡು, ಕರಗಿಸುತ್ತೀರಾ? ಹಾಗಿದ್ದರೆ ಫರ್ನೇಸ್ ಹೊಗೆಯನ್ನು ಸೋಸುವ ಬ್ಯಾಗ್ ಫಿಲ್ಟರಿನ ಧೂಳನ್ನೂ ನೋಡಿ. ಸತು 907 ಡಿಗ್ರಿಗೇ ಕುದಿಯುತ್ತದೆ, ಶುದ್ಧ ಕಬ್ಬಿಣ ಕರಗುವುದು 1,538ಕ್ಕೆ. ಹಾಗಾಗಿ ಶೀಟಿನ ಸತುವಿನ ಬಹುಪಾಲು ಹೊಗೆಯಾಗಿ ಧೂಳಿನಲ್ಲಿ ಕೂರುತ್ತದೆ. ಇಂಥ ಧೂಳನ್ನು ಕಲ್ಲಿದ್ದಲಿನ ಕೋಕ್ ಜೊತೆ ತಿರುಗುವ ಗೂಡಿನಲ್ಲಿ ಕಾಯಿಸಿ ಸತುವನ್ನು ಮತ್ತೆ ಆವಿಯಾಗಿಸಿ ಹಿಡಿಯುವ ಘಟಕಗಳಿವೆ. ಧೂಳಿನಲ್ಲಿ ಸೀಸವೂ ಇರಬಹುದು. ಸುಮ್ನೆ ಕಾಂಪೌಂಡ್ ಆಚೆ ಸುರಿಯಬೇಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಿ.

ಪ್ರಶ್ನೆ: ನಮ್ಮೂರು ಮಂಡ್ಯ ಜಿಲ್ಲೆಯ ಮರಳಗಾಲದ ಹತ್ತಿರ. ಹೊಲದ ಬಂಡೆಯಲ್ಲಿ ತಗಡಿನಂಥ ಚೂರುಗಳು ಹೊಳೆಯುತ್ತವೆ. ಲಿಥಿಯಂ ಇರಬಹುದಾ?

ಉತ್ತರ: ಅದು ಬಹುಶಃ ಕಾಗೆಬಂಗಾರ, ಅಂದರೆ ಅಭ್ರಕ. ಅಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಲಿಥಿಯಂ ಗುರುತಿಸಿರುವುದು ನಿಜ. ಮೊದಲು 14,100 ಟನ್ ಅಂತ ಸುದ್ದಿಯಾಗಿತ್ತು, ಆಮೇಲೆ ಸರ್ಕಾರ ಹೇಳಿದ್ದು 1,600 ಟನ್, ಅದೂ ಅಂದಾಜು. ಲಿಥಿಯಂ ಇರುವ ಸ್ಪೋಡುಮೀನ್ ಹೀಗೆ ಪದರ ಪದರವಾಗಿ ಏಳುವುದಿಲ್ಲ. ಅದನ್ನು ಬಿಡಿಸುವುದೂ ಸುಲಭವಲ್ಲ, ಸಾವಿರ ಡಿಗ್ರಿ ದಾಟಿಸಿ ಕಾಯಿಸಿ, ಆಮೇಲೆ ಗಂಧಕಾಮ್ಲದ ಜೊತೆ ಹುರಿಯಬೇಕು. ನಿಮ್ಮ ಚೂರು ತಿಳಿನೇರಳೆ ಬಣ್ಣದ್ದಾಗಿದ್ದರೆ ಮಾತ್ರ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದಲ್ಲಿ ತೋರಿಸಿ. ಲಿಥಿಯಂ ಇರುವ ಅಭ್ರಕಕ್ಕೆ ಆ ಬಣ್ಣ ಇರುತ್ತದೆ.