ಸೆಟ್ರಿಜಿನ್ ನುಂಗಿದರೂ ಕಡಿತ ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನನಗೆ 44 ವರ್ಷ. ಎಡ ಕಣಕಾಲಿನ ಮೇಲೆ ಅಂಗೈ ಅಗಲದ ಜಾಗ ಒಂದು ವರ್ಷದಿಂದ ಕಡಿಯುತ್ತಿದೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋದ ದಿನ ರಾತ್ರಿಯಂತೂ ತಡೆಯಲಿಕ್ಕೇ ಆಗುವುದಿಲ್ಲ. ಕೆರೆದರೆ ಹಾಯೆನಿಸುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಸೆಟ್ರಿಜಿನ್ ನುಂಗಿದರೆ ನಿದ್ದೆ ಬರುತ್ತದೆ, ಕಡಿತ ಹೋಗುವುದಿಲ್ಲ. ರಕ್ತ ಕೆಟ್ಟಿದೆ ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವೇ? ಫೋಟೊ ಕಳಿಸಿದ್ದೇನೆ.
– ಓದುಗರೊಬ್ಬರು, ಕುರುಗೋಡು, ಬಳ್ಳಾರಿ ಜಿಲ್ಲೆ

ಉತ್ತರ: ನಿಮ್ಮ ರಕ್ತ ಕೆಟ್ಟಿಲ್ಲ, ಆ ಚಿಂತೆ ಬಿಡಿ. ಫೋಟೊದಲ್ಲಿ ಚರ್ಮ ದಪ್ಪಗಾಗಿ ಕಪ್ಪಿಟ್ಟಿದೆ, ಅದರ ಮೇಲಿನ ಗೆರೆಗಳು ಆಳವಾಗಿ ಎದ್ದು ಕಾಣುತ್ತಿವೆ. ಕೆರೆದು ಕೆರೆದು ದಪ್ಪವಾದ ಇಸಬು ಸಾಮಾನ್ಯವಾಗಿ ಹೀಗೇ ಇರುತ್ತದೆ.

ಸೆಟ್ರಿಜಿನ್ ತಡೆಯುವುದು ಹಿಸ್ಟಮಿನ್ ಎಂಬ ಒಂದೇ ರಾಸಾಯನಿಕವನ್ನು. ಪಿತ್ತಗಂಧೆ ಎದ್ದಾಗ ಚರ್ಮದ ಮಾಸ್ಟ್ ಕೋಶಗಳು ಅದನ್ನು ಸುರಿಸುತ್ತವೆ, ಹಾಗಾಗಿ ಅಲ್ಲಿ ಮಾತ್ರೆ ಚೆನ್ನಾಗಿ ನಾಟುತ್ತದೆ. ಹಳೆಯ ಇಸಬಿನ ಕಥೆ ಬೇರೆ. ಅಲ್ಲಿ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್ 4, 13, 31 ಎಂಬ ಪ್ರೋಟೀನುಗಳನ್ನು ಬಿಡುತ್ತವೆ. ಇವನ್ನು ಗುರುತಿಸುವ ಗ್ರಾಹಕಗಳು ನರದ ತುದಿಯಲ್ಲೇ ಇವೆ. ಹಿಸ್ಟಮಿನ್‌ನ ಹಂಗೇ ಇಲ್ಲದೆ ತುರಿಕೆಯ ಸುದ್ದಿ ಬೆನ್ನುಹುರಿ ಮುಟ್ಟುತ್ತದೆ. ಆ ನರತಂತುಗಳು ಬಲು ತೆಳ್ಳಗಿನವು, ಸುದ್ದಿ ಒಯ್ಯುವ ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ಅಷ್ಟೆ.

ಇನ್ನು ಕೆರೆತ. ಉಗುರು ಎಳೆದಾಗ ಆಗುವ ನೋವು ಬೆನ್ನುಹುರಿಯಲ್ಲಿ ತುರಿಕೆಯನ್ನು ಅದುಮುತ್ತದೆ, ಆ ಹಾಯೆನಿಸುವಿಕೆ ಅಲ್ಲಿಂದ ಬಂದದ್ದು. ಆದರೆ ಅದೇ ಹೊತ್ತಿಗೆ ನೋವಿನ ನರಗಳು ಚರ್ಮದೊಳಗೆ ‘ಸಬ್‌ಸ್ಟನ್ಸ್ ಪಿ’ ಎಂಬ ವಸ್ತುವನ್ನು ಬಿಡುತ್ತವೆ. ಅದು ಮಾಸ್ಟ್ ಕೋಶಗಳನ್ನು ಕೆರಳಿಸುತ್ತದೆ, ಉರಿಯೂತ ಹೆಚ್ಚುತ್ತದೆ, ಮತ್ತೆ ತುರಿಕೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 2025ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಕೆರೆದುಕೊಳ್ಳಲಾಗದಂತೆ ಕೊರಳಿಗೆ ಪಟ್ಟಿ ಕಟ್ಟಿದ ಇಲಿಗಳ ಕಿವಿ ಕಡಿಮೆ ಊದಿಕೊಂಡಿತು. ಕೆರೆದಾಗ ಚರ್ಮದ ಮೇಲಿನ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಕಡಿಮೆಯಾದದ್ದೂ ಅದೇ ಅಧ್ಯಯನದಲ್ಲಿ ಕಂಡಿತು. ಅಂದರೆ ಕೆರೆತಕ್ಕೆ ಒಂದು ಉಪಯೋಗವೂ ಇದೆ, ಆದರೆ ವರ್ಷಗಟ್ಟಲೆ ಕೆರೆದ ಚರ್ಮಕ್ಕೆ ಅದರಿಂದ ನಷ್ಟವೇ ಹೆಚ್ಚು.

ನಿಮ್ಮ ಮೆಣಸಿನಕಾಯಿಯ ಅನುಮಾನ ಸರಿಯಾಗಿದೆ. ಖಾರದ ಕ್ಯಾಪ್ಸೈಸಿನ್ ಹೋಗಿ ಕೂರುವುದು ನೋವಿನ ನರಗಳ ಟಿಆರ್‌ಪಿವಿ1 ಎಂಬ ಗ್ರಾಹಕದ ಮೇಲೆ. ಇದನ್ನು 1997ರಲ್ಲಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಸಂದಿತು. ಇಲಿಗಳಲ್ಲಿ ಕೆರೆತದಿಂದ ಎಚ್ಚೆತ್ತದ್ದೂ ಇದೇ ಗ್ರಾಹಕವಿರುವ ನರಗಳೇ. ಖಾರದ ಕೈಯಲ್ಲಿ ಒಡೆದ ಚರ್ಮ ಕೆರೆದರೆ ಅವಕ್ಕೆ ಎರಡು ಕಡೆಯಿಂದ ಏಟು. ಕೆಲಸ ಮುಗಿದ ಕೂಡಲೇ ಕೈಗೆ ಎಣ್ಣೆ ಸವರಿ, ಸೋಪು ಹಚ್ಚಿ ತೊಳೆಯಿರಿ. ಖಾರ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಕಾಲು ಮುಚ್ಚುವಂತೆ ಹತ್ತಿಯ ಸಾಕ್ಸ್ ಹಾಕಿಕೊಂಡು ಕುಳಿತರೆ ಇನ್ನೂ ಒಳ್ಳೆಯದು.

ರಾತ್ರಿ ಕಡಿತ ಹೆಚ್ಚಲು ಕಾರಣವಿದೆ: ಉರಿಯೂತ ತಗ್ಗಿಸುವ ಕಾರ್ಟಿಸೋಲ್ ಆಗ ಇಳಿದಿರುತ್ತದೆ, ಚರ್ಮ ಬೆಚ್ಚಗಾಗುತ್ತದೆ. ಸ್ನಾನವಾದ ಕೂಡಲೇ ಹಸಿ ಚರ್ಮಕ್ಕೆ ವ್ಯಾಸಲಿನ್ ಹಚ್ಚಿ, ಮಲಗುವಾಗ ಆ ಜಾಗಕ್ಕೆ ಹತ್ತಿ ಬಟ್ಟೆ ಸುತ್ತಿ. ಉಗುರು ಗಿಡ್ಡ ಇರಲಿ. ಕಡಿದಾಗ ಕೆರೆಯುವ ಬದಲು ತಣ್ಣೀರಿನ ಬಟ್ಟೆ ಒತ್ತಿ ಹಿಡಿಯಿರಿ. ಬಿಸಿನೀರು ಸುರಿಯಬೇಡಿ.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ, ಸ್ಟೆರಾಯ್ಡ್ ಬೆರೆಸಿದ ಟ್ಯೂಬುಗಳನ್ನಂತೂ ದಯವಿಟ್ಟು ಹಚ್ಚಬೇಡಿ. ಅದು ಇಸಬಲ್ಲದೆ ಹುಳುಕಡ್ಡಿಯಾಗಿದ್ದರೆ ಮೊದಲು ತುರಿಕೆ ತಗ್ಗಿ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಬಳ್ಳಾರಿಯಲ್ಲಿ ಚರ್ಮರೋಗ ವೈದ್ಯರಿಗೆ ತೋರಿಸಿ, ಚರ್ಮ ಸ್ವಲ್ಪ ಹೆರೆದು ಪರೀಕ್ಷಿಸಿದರೆ ಶಿಲೀಂಧ್ರ ಇದೆಯೋ ಇಲ್ಲವೋ ತಿಳಿಯುತ್ತದೆ. ಇಸಬೇ ಎಂದಾದರೆ ಸರಿಯಾದ ಸ್ಟೆರಾಯ್ಡ್ ಮುಲಾಮನ್ನು ಎಷ್ಟು ದಿನ ಹಚ್ಚಬೇಕೆಂದು ಅವರೇ ಹೇಳುತ್ತಾರೆ. ಮನೆಯಲ್ಲಿ ಬೇರೆಯವರಿಗೂ ರಾತ್ರಿ ಕಡಿಯುತ್ತಿದ್ದರೆ ಅದನ್ನೂ ತಿಳಿಸಿ, ಕಜ್ಜಿ ಇರಬಹುದು. ಗುಳ್ಳೆ, ಕಲೆ ಏನೂ ಇಲ್ಲದೆ ಮೈಯೆಲ್ಲ ಕಡಿಯತೊಡಗಿದರೆ ಮಾತ್ರ ಕಿಡ್ನಿ, ಲಿವರ್, ಥೈರಾಯ್ಡ್ ಪರೀಕ್ಷೆಗೆ ತಡಮಾಡಬೇಡಿ.